ಬೆಂಕಿಗೆ ಅಂಜಿದವನ ಮನೆ

ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ನಗರದಲ್ಲಿ, ಡೂಪಾಂಟ್ ವೃತ್ತದಿಂದ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ, ನ್ಯೂ ಹ್ಯಾಂಪ್‌ಷೈರ್ ಅವೆನ್ಯೂ ಎಂಬ ಬೀದಿಯಲ್ಲಿ ಗೋಪುರವುಳ್ಳ ಗಂಭೀರವಾದ ಮನೆಯೊಂದು ಕಾಣುತ್ತದೆ. ಸುತ್ತ ಕಚೇರಿಗಳ ಕಟ್ಟಡಗಳು ಎತ್ತರವಾಗಿ ಬೆಳೆದು ನಿಂತಿರುವುದರಿಂದ, ಯಾವುದೋ ಹಳೆಯ ಕಥೆಯಿಂದ ತಪ್ಪಿಸಿಕೊಂಡು ಬಂದು ಬೀದಿಯ ಮೂಲೆಯಲ್ಲಿ ನಿಂತ ವೃದ್ಧನಂತೆ ಅದು ತೋರುತ್ತದೆ. ಊರಿನವರು ಅದನ್ನು ‘ಬೀರು ತಯಾರಕನ ಕೋಟೆ’ ಎಂದು ಕರೆಯುವುದುಂಟು. ತಲೆಯೆತ್ತಿ ನೋಡಿದರೆ ಗೋಪುರದ ತುದಿಯಲ್ಲಿ ಲೋಹದ ಪ್ರಾಣಿಯೊಂದು ಕುಳಿತಿದೆ. ಹಲ್ಲಿಯನ್ನು ಹೋಲುವ ಆ ಪ್ರಾಣಿಯ ಹೆಸರು ಸಾಲಮಂಡರ್.

ಸಾಲಮಂಡರ್ ಕಪ್ಪೆಯ ಜಾತಿಗೆ ಹತ್ತಿರದ, ನೀರಿನಲ್ಲಿಯೂ ನೆಲದ ಮೇಲೂ ಬಾಳುವ ಜೀವಿ. ಅದರ ಮೈ ಎಷ್ಟು ತಣ್ಣಗಿರುತ್ತದೆಂದರೆ ಮುಟ್ಟಿದ ಮಾತ್ರಕ್ಕೆ ಬೆಂಕಿ ಆರಿಹೋಗುತ್ತದೆಂದು ರೋಮಿನ ಪ್ಲಿನಿ ಬರೆದಿಟ್ಟ. ಒದ್ದೆಯಾದ ಮರದ ದಿಮ್ಮಿಗಳಲ್ಲಿ ಅಡಗಿರುವುದು ಅದರ ಸ್ವಭಾವ. ಆ ದಿಮ್ಮಿಯನ್ನು ಬೆಂಕಿಗೆ ಹಾಕಿದಾಗ ಜೀವಭಯದಿಂದ ಹೊರಗೆ ಓಡಿಬಂದಿರಬೇಕು. ಕಂಡವರು ಅದು ಬೆಂಕಿಯಲ್ಲಿಯೇ ಬದುಕುತ್ತದೆಂದು ನಂಬಿರಬೇಕು. ಯೂರೋಪಿನಲ್ಲಿ ಶತಮಾನಗಳ ಕಾಲ ಉಳಿದುಬಂದ ಈ ನಂಬಿಕೆಯನ್ನು ಅಟ್ಲಾಂಟಿಕ್ ಸಾಗರದ ಆಚೆಗೆ ಒಯ್ದು, ತನ್ನ ಮನೆಯ ನೆತ್ತಿಯ ಮೇಲೆ ಕಾವಲಿಗಿಟ್ಟವನು ಕ್ರಿಸ್ಟಿಯನ್ ಹೈರಿಕ್ ಎಂಬ ಜರ್ಮನ್ ವಲಸಿಗ. ಬೆಂಕಿಯ ವಿಷಯದಲ್ಲಿ ಅವನಿಗಿದ್ದ ಅಂಜಿಕೆಯೇ ಆ ಮನೆಯ ವಿನ್ಯಾಸವನ್ನು ಬರೆಯಿತು ಎಂದರೆ ಅತಿಶಯೋಕ್ತಿಯಾಗದು.

ಹೈರಿಕ್ ಹುಟ್ಟಿದ್ದು 1842ರಲ್ಲಿ, ಜರ್ಮನಿಯ ತುರಿಂಗಿಯ ಪ್ರಾಂತದ ಹೈನಾ ಎಂಬ ಹಳ್ಳಿಯಲ್ಲಿ. ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಹುಡುಗನಿಗೆ ಆಸ್ತಿಯೆಂದು ಉಳಿದದ್ದು ಕೈಕಸುಬೊಂದೇ. ಬೀರು ತಯಾರಿಸುವ ವಿದ್ಯೆಯನ್ನು ಶಿಷ್ಯವೃತ್ತಿಯಲ್ಲಿ ಕಲಿತು, ಆ ಕಾಲದ ಜರ್ಮನ್ ಕಸುಬುದಾರರ ಪದ್ಧತಿಯಂತೆ ಊರಿಂದೂರಿಗೆ ನಡೆದು, ಕೆಲಸ ಸಿಕ್ಕಿದಲ್ಲಿ ನಿಂತು, ನಿಂತಲ್ಲಿ ಒಂದಿಷ್ಟು ಕಲಿತು ಮುಂದೆ ಹೋದ. ಅವನ ಅಕ್ಕ ಅದಾಗಲೇ ಅಮೆರಿಕದ ಬಾಲ್ಟಿಮೋರಿನಲ್ಲಿ ನೆಲೆಸಿದ್ದಳು. ಆಕೆಯ ಕರೆಗೆ ಓಗೊಟ್ಟು 1866ರಲ್ಲಿ, ಇಪ್ಪತ್ತನಾಲ್ಕರ ಆಸುಪಾಸಿನಲ್ಲಿ, ಅವನೂ ಹಡಗು ಹತ್ತಿದ.

ಹತ್ತೊಂಬತ್ತನೆಯ ಶತಮಾನದಲ್ಲಿ ಹೀಗೆ ಹಡಗು ಹತ್ತಿದ ಜರ್ಮನರ ಸಂಖ್ಯೆ ಲಕ್ಷಗಳಲ್ಲಿತ್ತು. ತಮ್ಮೊಡನೆ ಅವರು ಒಯ್ದ ವಿದ್ಯೆಗಳಲ್ಲಿ ‘ಲಾಗರ್’ ಎಂಬ ಬೀರಿನ ತಯಾರಿಕೆಯೂ ಒಂದು. ಮಿಲ್ವಾಕೀ, ಸೇಂಟ್ ಲೂಯಿಸ್, ಸಿನ್ಸಿನಾಟಿ ಮುಂತಾದ ನಗರಗಳಲ್ಲಿ ಈ ಒಂದು ವಿದ್ಯೆಯಿಂದಲೇ ಭಾರಿ ಸಂಪತ್ತುಗಳು ಬೆಳೆದವು. ಆ ಕಸುಬಿನ ಒಳಗುಟ್ಟನ್ನು ಸ್ವಲ್ಪ ತಿಳಿದುಕೊಂಡರೆ ಹೈರಿಕನ ಮನೆಯನ್ನು ಅರ್ಥಮಾಡಿಕೊಳ್ಳುವುದು ಸುಲಭವಾಗುತ್ತದೆ.

ಬೀರಿಗೆ ಮೂಲ ಬಾರ್ಲಿ, ಎಂದರೆ ಜವೆಗೋಧಿ. ಕಾಳನ್ನು ನೆನೆಹಾಕಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ಅದನ್ನು ನುಚ್ಚಾಗಿ ಒಡೆದು, ಬಿಸಿನೀರಿನಲ್ಲಿ ಕಲಸಿ, ರಸವನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂಗಳೊಡನೆ ಕುದಿಸುತ್ತಾರೆ. ತಣಿದ ಮೇಲೆ ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ಇಷ್ಟರವರೆಗೆ ಕಾವಿನ ಕೆಲಸ. ಲಾಗರಿಗೆ ಮಾತ್ರ ಇಲ್ಲಿಂದ ಮುಂದೆ ಶೈತ್ಯ ಬೇಕು. ಅದರ ಯೀಸ್ಟ್ ತಣ್ಣನೆಯ ರಸದಲ್ಲಿ ನಿಧಾನವಾಗಿ ಕೆಲಸಮಾಡಿ ಪಾತ್ರೆಯ ತಳಕ್ಕೆ ಇಳಿಯುತ್ತದೆ. ಬಳಿಕ ಬೀರು ವಾರಗಟ್ಟಲೆ, ತಿಂಗಳುಗಟ್ಟಲೆ ಶೀತಲವಾದ ನೆಲಮಾಳಿಗೆಯಲ್ಲಿ ಪಕ್ವವಾಗಬೇಕು. ಜರ್ಮನ್ ಭಾಷೆಯಲ್ಲಿ ಲಾಗರ್ ಎಂದರೆ ದಾಸ್ತಾನು ಎಂದೇ ಅರ್ಥ. ಒಂದು ಸೂರಿನಡಿ ಬೆಂಕಿ, ಇನ್ನೊಂದು ಸೂರಿನಡಿ ಮಂಜುಗಡ್ಡೆ. ಇವೆರಡರ ನಡುವೆ ಬೀರುಗಾರನ ಬಾಳು. ಒಣಗಿದ ಕಾಳು, ಅದನ್ನು ಒಡೆಯುವಾಗ ಏಳುವ ನವುರಾದ ಧೂಳು, ಮರದ ತೊಲೆಗಳು, ಎಡೆಬಿಡದೆ ಉರಿಯುವ ಒಲೆಗಳು. ಹೀಗಾಗಿ ಅಂದಿನ ಬೀರು ಕಾರ್ಖಾನೆಗಳಿಗೆ ಬೆಂಕಿ ಬೀಳುವುದು ವಿಶೇಷವಾಗಿರಲಿಲ್ಲ.

ಹೈರಿಕ್ ವಾಷಿಂಗ್ಟನ್ನಿಗೆ ಬಂದದ್ದು 1872ರಲ್ಲಿ. ಪಾಲ್ ರಿಟರ್ ಎಂಬ ಪಾಲುದಾರನೊಡನೆ ಸೇರಿ, ಷ್ನೆಲ್ ಎಂಬವನಿಗೆ ಸೇರಿದ್ದ ಚಿಕ್ಕ ಕಾರ್ಖಾನೆಯೊಂದನ್ನು ಇಪ್ಪತ್ತನೆಯ ಬೀದಿಯಲ್ಲಿ ಹಿಡಿದ. ಬೇಗನೆ ಪಾಲುಗಾರಿಕೆ ಮುಗಿದು ತಾನೊಬ್ಬನೇ ಒಡೆಯನಾದ. ಮರುವರ್ಷ ಷ್ನೆಲ್ಲನ ವಿಧವೆಯಾದ ಅಮೆಲಿಯಾಳನ್ನು ಮದುವೆಯಾದ. ನಗರ ಬೆಳೆಯುತ್ತಿತ್ತು, ಸರ್ಕಾರದ ಗುಮಾಸ್ತರೂ ಕೂಲಿಕಾರರೂ ಹೆಚ್ಚುತ್ತಿದ್ದರು, ಅವರೊಡನೆ ಹೈರಿಕನ ಬೀರಿನ ಬೇಡಿಕೆಯೂ ಬೆಳೆಯಿತು. ಅಮೆಲಿಯಾ 1884ರಲ್ಲಿ ತೀರಿಕೊಂಡಳು. ಮೂರು ವರ್ಷಗಳ ಮೇಲೆ ಅವನು ಮಟಿಲ್ಡಾ ಡೇಟ್ಸ್ ಎಂಬಾಕೆಯನ್ನು ವರಿಸಿದ.

ಕಾರ್ಖಾನೆಗೆ ಬೆಂಕಿ ಒಂದಕ್ಕಿಂತ ಹೆಚ್ಚು ಸಲ ಬಿತ್ತು. 1892ರ ಬೇಸಗೆಯಲ್ಲಿ ಬಿದ್ದ ಬೆಂಕಿ ದೊಡ್ಡದು. ತೆನಾಲಿ ರಾಮಕೃಷ್ಣನ ಬೆಕ್ಕು ಒಮ್ಮೆ ಬಾಯಿ ಸುಟ್ಟುಕೊಂಡ ಮೇಲೆ ಹಾಲಿನ ಬಟ್ಟಲನ್ನು ಕಂಡರೆ ಓಡುತ್ತಿತ್ತಂತೆ. ಹೈರಿಕ್ ಓಡಲಿಲ್ಲ, ಇನ್ನು ಸುಡದಂತೆ ಕಟ್ಟುತ್ತೇನೆಂದು ನಿಶ್ಚಯಿಸಿದ. ಆ ವರ್ಷಗಳಲ್ಲಿ ಅವನ ಹಣದಿಂದ ಎರಡು ಕಟ್ಟಡಗಳು ಎದ್ದವು. ಒಂದು, ಪೊಟೋಮ್ಯಾಕ್ ನದಿಯ ದಡದಲ್ಲಿ, ಫಾಗಿ ಬಾಟಮ್ ಎಂಬ ಬಡಾವಣೆಯಲ್ಲಿ, ವರ್ಷಕ್ಕೆ ಐದು ಲಕ್ಷ ಪೀಪಾಯಿ ಬೀರು ತಯಾರಿಸಬಲ್ಲ ಹೊಸ ಕಾರ್ಖಾನೆ. ಇನ್ನೊಂದು, 1892ರಿಂದ 1894ರವರೆಗೆ ಹಳೆಯ ಕಾರ್ಖಾನೆಗೆ ಕೂಗಳತೆಯಲ್ಲಿಯೇ ಮೇಲೆದ್ದ ಮನೆ. ಎರಡೂ ಬೆಂಕಿಯನ್ನು ಎದುರಿಸಲೆಂದು ಕಟ್ಟಿದವು. ಎರಡೂ ಒಬ್ಬನೇ ಮನುಷ್ಯನ ಒಂದೇ ಅಂಜಿಕೆಯ ಮಕ್ಕಳು. ಈ ಅವಳಿಗಳ ಮುಂದಿನ ಗತಿ ಬೇರೆ ಬೇರೆಯಾದ ಬಗೆಯೇ ಈ ಕಥೆಯ ತಿರುಳು.

ಮನೆಯ ವಾಸ್ತುಶಿಲ್ಪಿ ಜಾನ್ ಗ್ರ್ಯಾನ್‌ವಿಲ್ ಮಯರ್ಸ್. ಹೊರಗಿನಿಂದ ನೋಡಿದವರಿಗೆ ಒರಟು ಕಲ್ಲು, ಕಮಾನು, ಗೋಪುರಗಳಿಂದ ಮಧ್ಯಯುಗದ ಕೋಟೆಯ ನೆನಪಾಗುತ್ತದೆ. ಒಳಗಿನ ಮೈಕಟ್ಟು ಮಾತ್ರ ಅಂದಿಗೆ ತೀರ ಹೊಸದು. ಉಕ್ಕಿನ ತೊಲೆಗಳನ್ನೂ ಸುರಿದ ಕಾಂಕ್ರೀಟನ್ನೂ ವಾಸದ ಮನೆಗೆ ಬಳಸುವುದು ಆಗ ಅಪರೂಪವಾಗಿತ್ತು; ವಾಷಿಂಗ್ಟನ್ನಿನಲ್ಲಿ ಬೆಂಕಿಗೆ ಬಗ್ಗದಂತೆ ಕಟ್ಟಿದ ಮೊದಲ ಮನೆ ಇದೇ ಎಂದು ಪ್ರಸಿದ್ಧಿ. ಮೂವತ್ತೊಂದು ಕೋಣೆಗಳ ಈ ಮನೆಯಲ್ಲಿ ಬಿಸಿನೀರು ಕೊಳವೆಗಳಲ್ಲಿ ಸುತ್ತಿ ಬಂದು ಕೋಣೆಗಳನ್ನು ಬೆಚ್ಚಗಿಡುತ್ತಿತ್ತು. ದೀಪಗಳಿಗೆ ಅನಿಲವೂ ಇತ್ತು, ವಿದ್ಯುತ್ತೂ ಇತ್ತು. ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಮಾತನಾಡಲು ಲೋಹದ ಕೊಳವೆಗಳಿದ್ದವು. ಹಳೆಯ ಉಡುಪು ತೊಟ್ಟ ಹೊಸ ಕಾಲದ ಮನೆ ಅದು.

ಒಳಾಂಗಣವನ್ನು ಅಣಿಗೊಳಿಸಿದವರು ನ್ಯೂಯಾರ್ಕಿನ ಹ್ಯೂಬರ್ ಸಹೋದರರು. ಅವರೊಡನೆ ಕುಳಿತು ಬಣ್ಣ, ಬಟ್ಟೆ, ಪೀಠೋಪಕರಣಗಳನ್ನು ನಿಶ್ಚಯಿಸಿದವಳು ಮಟಿಲ್ಡಾ. ಊಟದ ಮನೆಯ ಮರದ ಮೇಲೆಲ್ಲ ಹಣ್ಣು, ಪ್ರಾಣಿ, ಪಕ್ಷಿಗಳ ಕೆತ್ತನೆ. ಸಂಗೀತದ ಕೋಣೆಯಲ್ಲಿ ವಾದ್ಯಗಾರರು ಕುಳಿತುಕೊಳ್ಳಲು ಮರದ ಪುಟ್ಟ ಉಪ್ಪರಿಗೆ. ನೆಲಮಾಳಿಗೆಯಲ್ಲಿ, ಜರ್ಮನಿಯ ಊರುಗಳ ಪಾನಗೃಹವನ್ನು ಹೋಲುವ ಕೋಣೆಯೊಂದು. ಅದರ ಗೋಡೆಗಳ ಮೇಲೆ ಚಿತ್ರಗಳ ನಡುನಡುವೆ ಜರ್ಮನ್ ಭಾಷೆಯ ವಿನೋದವಾಕ್ಯಗಳು. ಬೀದಿಯ ಕಡೆಗೆ ಕೋಟೆಯ ಗಾಂಭೀರ್ಯವನ್ನು ತೋರಿದ ಮನೆಯ ಅಡಿಯಲ್ಲಿ ತುರಿಂಗಿಯದ ಹಳ್ಳಿಯೊಂದು ಹೀಗೆ ಅಡಗಿ ಕುಳಿತಿತ್ತು. ಪರದೇಶಕ್ಕೆ ಹೋಗಿ ನೆಲೆಸಿದವನ ಮನೆಯಲ್ಲಿ ಇಂಥ ಒಂದು ಕೋಣೆ ಇದ್ದೇ ಇರುತ್ತದೆ. ಬಡವನಾದರೆ ಅದು ಗೋಡೆಯ ಮೇಲಿನ ಒಂದು ಪಟವಾಗಬಹುದು, ಡಬ್ಬಿಯಲ್ಲಿಟ್ಟ ಒಂದು ಮಸಾಲೆಯಾಗಬಹುದು. ಹೈರಿಕನಿಗೆ ಹಣವಿತ್ತು, ಕೋಣೆಯನ್ನೇ ಕಟ್ಟಿಸಿದ.

ಆದರೆ ನೋಡುವವರನ್ನು ಎಲ್ಲಕ್ಕಿಂತ ಹೆಚ್ಚಾಗಿ ತಡೆದು ನಿಲ್ಲಿಸುವುದು ಅಲ್ಲಿಯ ಅಗ್ಗಿಷ್ಟಿಕೆಗಳು. ಶೀತದೇಶದ ಮನೆಗಳಲ್ಲಿ ಗೋಡೆಯೊಳಗೆ ಕಟ್ಟಿದ ಈ ಒಲೆಯೇ ಮನೆಯ ಹೃದಯ. ಅದರ ಸುತ್ತಲೇ ಮಾತು, ಕಥೆ, ಮೌನ. ಹೈರಿಕನ ಮನೆಯಲ್ಲಿ ಇವು ಹದಿನೈದು ಇವೆ. ಒಂದಕ್ಕಿಂತ ಒಂದು ಸೊಗಸು. ಹದಿನೈದರಲ್ಲಿ ಒಂದನ್ನಾದರೂ ಯಾರೂ ಎಂದೂ ಹೊತ್ತಿಸಲಿಲ್ಲ. ಅಂತಸ್ತಿಗೆ ಅಗ್ಗಿಷ್ಟಿಕೆ ಬೇಕು. ಆದರೆ ಅದರಲ್ಲಿ ಕಿಡಿ ಕೂಡದು! ಗೋಪುರದ ಮೇಲಿನ ಸಾಲಮಂಡರಿಗೆ ಮಾಡಲು ಕೆಲಸವೇ ಇಲ್ಲದಂತೆ ಯಜಮಾನ ನೋಡಿಕೊಂಡ. ಅವನ ಜಾಗರೂಕತೆ ಫಲಿಸಿತೆಂದೇ ಹೇಳಬೇಕು. ಆ ಮನೆಗೆ ಬೆಂಕಿ ಬರಲಿಲ್ಲ.

ಬಂದದ್ದು ಬೇರೆ. ಮನೆಯ ಒಂದೊಂದು ಕೋಣೆಯನ್ನೂ ಆಸೆಯಿಂದ ಅಣಿಗೊಳಿಸಿದ ಮಟಿಲ್ಡಾ ಅದರಲ್ಲಿ ಬಹುಕಾಲ ಬಾಳಲಿಲ್ಲ, 1895ರಲ್ಲಿಯೇ ತೀರಿಕೊಂಡಳು. ಕಾಂಕ್ರೀಟಿನ ಗೋಡೆ ಸಾವನ್ನು ತಡೆಯುವುದಿಲ್ಲವೆಂಬುದು ಯಾರಿಗೂ ತಿಳಿಯದ ಮಾತಲ್ಲ. ಆದರೂ ಹೊಸ ಮನೆಯ ಬಣ್ಣ ಮಾಸುವ ಮೊದಲೇ ಅದನ್ನು ಕಲಿಯಬೇಕಾದ ಮನುಷ್ಯನ ಸಂಕಟವನ್ನು ನಾವು ಊಹಿಸಿಕೊಳ್ಳಬಹುದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಗಾದೆ. ಹೈರಿಕ್ ಇಂಥ ಮನೆಯನ್ನು ಒಂದೇ ಸಲ ಕಟ್ಟಿದ. ಮದುವೆಯನ್ನು ಮೂರು ಸಲ ಆಗಬೇಕಾಯಿತು. 1899ರಲ್ಲಿ ಅವನ ಕೈಹಿಡಿದ ಅಮೆಲಿಯಾ ಕೈಸರ್ ಮೊದಲ ಹೆಂಡತಿಯ ಬಂಧು, ಆಕೆಯ ಒಡಹುಟ್ಟಿನ ಮಗಳು, ಹೆಸರೂ ಆಕೆಯದೇ. ಈ ಮೂರನೆಯ ಸಂಸಾರದಲ್ಲಿ ಮನೆ ಮಕ್ಕಳ ದನಿಯನ್ನು ಕೇಳಿತು. ಒಂದು ಮಗು ಎಳೆತನದಲ್ಲಿಯೇ ಹೋಯಿತು. ಮೂರು ಮಕ್ಕಳು ಬೆಳೆದು ದೊಡ್ಡವರಾದರು.

ಆಮೇಲೆ ಯುದ್ಧ ಬಂತು. 1917ರ ಏಪ್ರಿಲಿನಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿದಾಗ, ಅಮೆರಿಕದ ಜರ್ಮನರ ಮೇಲೆ ಒಂದು ಬಗೆಯ ಸಂಶಯದ ಮಂಜು ಕವಿಯಿತು. ಶಾಲೆಗಳಲ್ಲಿ ಜರ್ಮನ್ ಪಾಠಗಳು ನಿಂತವು. ಹುಳಿ ಬರಿಸಿದ ಎಲೆಕೋಸಿನ ಜರ್ಮನ್ ತಿನಿಸಿಗೂ ಹೆಸರು ಬದಲಾಯಿಸಿ ‘ಸ್ವಾತಂತ್ರ್ಯದ ಕೋಸು’ ಎಂದು ಕರೆದರು. ಐವತ್ತು ವರ್ಷ ಆ ನೆಲದಲ್ಲಿ ದುಡಿದ ಎಪ್ಪತ್ತೈದರ ಮುದುಕನನ್ನೂ ನಾಲಗೆಗಳು ಬಿಡಲಿಲ್ಲ. ಹೈರಿಕನಿಗೆ ನಗರದ ಹೊರಗೆ ಮೇರಿಲೆಂಡಿನಲ್ಲಿ ತೋಟವೊಂದಿತ್ತು. ರಾಜಧಾನಿಯ ಮೇಲೆ ಗುಂಡು ಹಾರಿಸಲು ಅಲ್ಲಿ ಕಾಂಕ್ರೀಟಿನ ಫಿರಂಗಿ ಕಟ್ಟೆಗಳನ್ನು ಕಟ್ಟಿಸುತ್ತಿದ್ದಾನೆಂಬ ಗಾಳಿಸುದ್ದಿ ಹಬ್ಬಿತು! ಬೆಂಕಿಗೆ ಹೆದರಿ ಕಾಂಕ್ರೀಟನ್ನು ನಂಬಿದವನಿಗೆ ಆ ಕಾಂಕ್ರೀಟೇ ಅಪವಾದವಾಗಿ ಬಂದುದು ವಿಧಿಯ ವ್ಯಂಗ್ಯ. ನೆಲಮಾಳಿಗೆಯ ಗೋಡೆಯ ಮೇಲಿನ ಜರ್ಮನ್ ವಾಕ್ಯಗಳು ಮಾತ್ರ ಇದ್ದಲ್ಲಿಯೇ ಇದ್ದವು.

ಯುದ್ಧದ ಬೆನ್ನಿಗೆ ಕಾನೂನು ಬಂತು. ಪಾನನಿರೋಧವೆಂಬ ಮಾತು ಹಳೆಯ ಮೈಸೂರು ರಾಜ್ಯವನ್ನು ಬಲ್ಲವರಿಗೆ ಹೊಸದಲ್ಲ. ಅಮೆರಿಕ ಇಡೀ ದೇಶಕ್ಕೆ ಅದನ್ನು ಅನ್ವಯಿಸಿದ್ದು 1920ರಲ್ಲಿ. ವಾಷಿಂಗ್ಟನ್ನಿನಲ್ಲಿ ಅದು 1917ರ ನವೆಂಬರ್ 1ರಂದೇ ಜಾರಿಗೆ ಬಂತು. ಆ ನಗರವನ್ನು ಆಳುತ್ತಿದ್ದುದು ದೇಶದ ಶಾಸನಸಭೆ. ಅಲ್ಲಿ ನಗರವಾಸಿಗಳಿಗೆ ಪ್ರತಿನಿಧಿಯೇ ಇರಲಿಲ್ಲ, ಆದ್ದರಿಂದ ಅವರ ಮತವನ್ನು ಕೇಳಿದವರೂ ಇರಲಿಲ್ಲ. ಮದ್ಯದಿಂದ ಬಂದ ಸಂಪತ್ತಿಗೆ ಇಂಥ ಅಂಕುಶ ಬಿದ್ದುದು ಒಳ್ಳೆಯದೇ ಅಲ್ಲವೇ ಎಂದು ಕೆಲವರು ಕೇಳಬಹುದು. ಪಾನನಿರೋಧಕ್ಕಾಗಿ ದುಡಿದವರಲ್ಲಿ ಕುಡಿತದಿಂದ ಹಾಳಾದ ಸಂಸಾರಗಳನ್ನು ಕಣ್ಣಾರೆ ಕಂಡು ನೊಂದ ಸಜ್ಜನರು ಎಷ್ಟೋ ಮಂದಿ ಇದ್ದರು. ಆದರೆ ಅವರ ಕಳಕಳಿಯ ಜೊತೆಗೆ, ಬೀರು ಶತ್ರುದೇಶದವರ ಕಸುಬು ಎಂಬ ದ್ವೇಷದ ಮಾತನ್ನೂ ಬೆರೆಸಿ ಪ್ರಚಾರ ಮಾಡಿದವರಿದ್ದರು. ಈ ಎರಡನ್ನೂ ಬೇರೆ ಮಾಡಿ ನೋಡುವುದು ನ್ಯಾಯ.

ಬೀರು ನಿಂತಿತು, ಕಾರ್ಖಾನೆ ಪೂರ್ತಿಯಾಗಿ ನಿಲ್ಲಲಿಲ್ಲ. ಲಾಗರಿಗೆ ಶೈತ್ಯ ಬೇಕೆಂದು ಆಗಲೇ ಹೇಳಿದೆವಷ್ಟೆ. ಅದಕ್ಕಾಗಿ ಸ್ಥಾಪಿಸಿದ್ದ ಮಂಜುಗಡ್ಡೆಯ ಯಂತ್ರಗಳು ಈಗ ಒಡೆಯನ ಕೈಹಿಡಿದವು. ಹದಿನಾರು ವರ್ಷಗಳ ಕಾಲ ಬೀರಿಲ್ಲದ ಆ ಕಾರ್ಖಾನೆ ಊರಿಗೆ ಮಂಜುಗಡ್ಡೆಯನ್ನು ಮಾರಿತು. 1933ರಲ್ಲಿ ಕಾನೂನು ಸಡಿಲವಾದಾಗ, ತೊಂಬತ್ತು ದಾಟಿದ ಹೈರಿಕ್ ಮತ್ತೆ ಬೀರು ತಯಾರಿಕೆಗೆ ಇಳಿದ. ಮರುವರ್ಷ ತನ್ನ ಆತ್ಮಕಥೆಯನ್ನು ಬರೆದು ಮುಗಿಸಿದ, ಅದೂ ಜರ್ಮನ್ ಭಾಷೆಯಲ್ಲಿ. ಅಷ್ಟೆಲ್ಲ ನಡೆದ ಮೇಲೂ ತನ್ನ ಬಾಳನ್ನು ನೆನೆಯಲು ಅವನಿಗೆ ತಾಯಿಯ ಮಾತೇ ಬೇಕಾಯಿತು. 1945ರ ಮಾರ್ಚಿಯಲ್ಲಿ, ಎರಡನೆಯ ಮಹಾಯುದ್ಧ ಯೂರೋಪಿನಲ್ಲಿ ಮುಗಿಯುವುದಕ್ಕೆ ಎರಡು ತಿಂಗಳು ಮುಂಚೆ, 102ನೆಯ ವಯಸ್ಸಿನಲ್ಲಿ ಆತ ಕಣ್ಣು ಮುಚ್ಚಿದ. ಕೊನೆಯವರೆಗೂ ಅವನು ಕಾರ್ಖಾನೆಯ ಒಡೆಯನಾಗಿಯೇ ಇದ್ದ.

ಇನ್ನು ಆ ಅವಳಿ ಕಟ್ಟಡಗಳ ಮಾತು. ಎರಡರ ಬಾಳಿಗೂ 1956 ತಿರುವಿನ ವರ್ಷ. ದೇಶವ್ಯಾಪಿಯಾದ ದೊಡ್ಡ ಕಂಪನಿಗಳ ಪೈಪೋಟಿಯನ್ನು ತಾಳಲಾರದೆ, ನದೀತೀರದ ಕಾರ್ಖಾನೆಯನ್ನು ಹೈರಿಕನ ಮಗ ಆ ವರ್ಷ ಮುಚ್ಚಿದ. ಖಾಲಿಯಾದ ಕಟ್ಟಡಕ್ಕೆ ಬಂದವರು ನಾಟಕದವರು! ಅರೀನಾ ಸ್ಟೇಜ್ ಎಂಬ ರಂಗಸಂಸ್ಥೆ ಅಲ್ಲಿ ಪ್ರೇಕ್ಷಕರು ನಾಲ್ಕೂ ಕಡೆ ಕೂರುವ ರಂಗಭೂಮಿಯನ್ನು ಅಣಿಗೊಳಿಸಿ, ‘ಹಳೆಯ ಕೊಪ್ಪರಿಗೆ’ ಎಂಬ ವಿನೋದದ ಹೆಸರನ್ನಿಟ್ಟು, 1961ರವರೆಗೆ ನಾಟಕಗಳನ್ನಾಡಿತು. ಅನಂತರ ಸಂಸ್ಥೆ ಸ್ವಂತ ಕಟ್ಟಡಕ್ಕೆ ಹೋಯಿತು. ನದಿಗೆ ಹೊಸ ಸೇತುವೆ ಬರಬೇಕಾಗಿತ್ತು. ನಗರಕ್ಕೆ ಆ ಸ್ಥಳ ಬೇಕಾಗಿತ್ತು. ಬೆಂಕಿಗೆ ಜಗ್ಗದ ಕಾರ್ಖಾನೆಯನ್ನು ಅರವತ್ತರ ದಶಕದ ಆರಂಭದಲ್ಲಿ ಕೆಡವಿಬಿಟ್ಟರು. ಆ ನೆಲದಲ್ಲಿ, ಹತ್ಯೆಗೀಡಾದ ಅಧ್ಯಕ್ಷ ಕೆನಡಿಯ ಸ್ಮಾರಕವಾಗಿ ಕಟ್ಟಿದ ಭವ್ಯವಾದ ಕಲಾಕೇಂದ್ರ 1971ರಲ್ಲಿ ಬಾಗಿಲು ತೆರೆಯಿತು. ಬೀರಿನ ಕೊಪ್ಪರಿಗೆಗಳ ನಡುವೆ ಆರಂಭವಾದ ನಾಟಕ ಆ ಸ್ಥಳವನ್ನು ಬಿಟ್ಟುಹೋಗಲಿಲ್ಲವೆಂದುಕೊಂಡು ನಾವು ಸಮಾಧಾನಪಡಬಹುದು.

ಅದೇ 1956ರಲ್ಲಿ ಹೈರಿಕನ ವಿಧವೆ ಅಮೆಲಿಯಾ ತೀರಿಕೊಂಡಳು. ಸುತ್ತಲಿನ ಸಿರಿವಂತರ ಮನೆಗಳು ಒಂದೊಂದಾಗಿ ಮಾರಿಹೋಗಿ ಅವುಗಳ ಸ್ಥಳದಲ್ಲಿ ಕಚೇರಿಗಳು ಏಳುತ್ತಿದ್ದ ಕಾಲ ಅದು. ಆಕೆ ಮನೆಯನ್ನು ಮಾರಲಿಲ್ಲ. ನಗರದ ಇತಿಹಾಸವನ್ನು ಅಭ್ಯಾಸಮಾಡುತ್ತಿದ್ದ ಕೊಲಂಬಿಯಾ ಇತಿಹಾಸ ಸಂಘಕ್ಕೆ ದಾನವಾಗಿ ಕೊಟ್ಟಿದ್ದಳು. ಕೋಣೆಗಳಲ್ಲಿ ಪುಸ್ತಕಗಳು ಬಂದು ಕುಳಿತವು. ವಿದ್ವಾಂಸರು ಮಟಿಲ್ಡಾ ಆರಿಸಿದ್ದ ಪೀಠೋಪಕರಣಗಳ ನಡುವೆ ಓಡಾಡಿದರು. ಸುಮಾರು ಅರ್ಧ ಶತಮಾನ ಹೀಗೆ ನಡೆದು, 2003ರಲ್ಲಿ ಸಂಘ ಬೇರೆ ಕಟ್ಟಡಕ್ಕೆ ಹೋಗುವಾಗ ಮನೆ ಮತ್ತೆ ಮಾರಾಟದ ಅಂಚಿಗೆ ಬಂತು. ಆಗ ಹೈರಿಕನ ವಂಶಜರು ಮುಂದೆ ನಿಂತು ಪ್ರತಿಷ್ಠಾನವೊಂದನ್ನು ರಚಿಸಿ ಅದನ್ನು ಕೊಂಡು ಉಳಿಸಿಕೊಂಡರು. ಇಂದು ಅದು ವಸ್ತುಸಂಗ್ರಹಾಲಯ.

ಇದು ಒಂದು ಮನೆಯ ಕಥೆ ಮಾತ್ರವಲ್ಲ. ಮಿಲ್ವಾಕೀ ನಗರದಲ್ಲಿ ಇನ್ನೊಬ್ಬ ಜರ್ಮನ್ ವಲಸಿಗನಾದ ಫ್ರೆಡರಿಕ್ ಪ್ಯಾಬ್ಸ್ಟ್ ಬೀರಿನ ಸಂಪತ್ತಿನಿಂದಲೇ ಕಟ್ಟಿಸಿದ, 1892ರಲ್ಲಿ ಪೂರ್ಣಗೊಂಡ ಸೌಧವೊಂದಿದೆ. ಯಜಮಾನನ ಕಾಲಾನಂತರ 1908ರಲ್ಲಿ ಅದು ಕ್ರೈಸ್ತ ಧರ್ಮಾಧ್ಯಕ್ಷರ ನಿವಾಸವಾಯಿತು. ಎಪ್ಪತ್ತರ ದಶಕದಲ್ಲಿ ಕೆಡವಿ, ಮೋಟಾರು ನಿಲ್ಲಿಸುವ ಬಯಲು ಮಾಡುವ ಮಾತು ಬಂದಾಗ ಊರಿನವರು ಎಚ್ಚೆತ್ತರು. 1978ರಿಂದ ಅದೂ ಸಾರ್ವಜನಿಕರಿಗೆ ತೆರೆದಿದೆ. ಹಳೆಯ ಮನೆಗಳನ್ನು ಕಾಲ ಕೆಡವುವುದು ಮಳೆಗಾಳಿಗಳಿಂದಲೇ ಎಂದೇನಿಲ್ಲ; ‘ಇದು ಯಾರಿಗೆ ಬೇಕು?’ ಎಂಬ ಒಂದು ಪ್ರಶ್ನೆಯೂ ಸಾಕು. ‘ನಮಗೆ ಬೇಕು’ ಎನ್ನುವ ದನಿ ಹೊರಡದಿದ್ದರೆ ಉಕ್ಕೂ ಕಾಂಕ್ರೀಟೂ ಏನನ್ನೂ ಕಾಯಲಾರವು.

ಹೈರಿಕ್ ತನ್ನ ಶತ್ರುವನ್ನು ಚೆನ್ನಾಗಿ ಬಲ್ಲೆನೆಂದುಕೊಂಡಿದ್ದ. ಬಾಗಿಲು ಬಾಗಿಲಿಗೂ ಅದಕ್ಕೆ ತಡೆ ಕಟ್ಟಿದ. ಬಂದ ಕಷ್ಟಗಳೆಲ್ಲ ಅವನು ಕಾವಲಿಡದ ದಾರಿಗಳಿಂದ ಬಂದವು: ಹೆಂಡತಿಯ ಮರಣ, ನೆರೆಹೊರೆಯ ಸಂಶಯ, ಸರ್ಕಾರದ ಕಾನೂನು. ಕೊನೆಗೆ ಮನೆಯನ್ನು ಉಳಿಸಿದ ಕೈಯೂ ಅವನು ನಿರೀಕ್ಷಿಸದ ಕಡೆಯಿಂದಲೇ ಬಂತು. ಅವನ ಕಾಂಕ್ರೀಟಿನ ಅವಳಿಗಳಲ್ಲಿ ಒಂದು ನೆಲಸಮವಾಯಿತು. ಇನ್ನೊಂದು, ತನ್ನದನ್ನು ತನ್ನ ಊರಿಗೆ ಕೊಟ್ಟುಹೋದ ಒಬ್ಬ ಮುದುಕಿಯ ದಾನಪತ್ರದ ಬಲದಿಂದ ಉಳಿಯಿತು. ಅದೊಂದು ಕಾಗದದ ಹಾಳೆ. ಬೆಂಕಿ ತಗುಲಿದರೆ ಕ್ಷಣದಲ್ಲಿ ಉರಿದುಹೋಗುವಂಥದು.

ಹದಿನೈದು ಅಗ್ಗಿಷ್ಟಿಕೆಗಳು ಈಗಲೂ ಮಸಿ ಸೋಂಕದೆ ಹಾಗೆಯೇ ಇವೆ. ಗೋಪುರದ ಮೇಲಿನ ಸಾಲಮಂಡರ್ ಮಳೆ, ಹಿಮ, ಬಿಸಿಲುಗಳಲ್ಲಿ ತನ್ನ ಕಾವಲನ್ನು ಬಿಟ್ಟಿಲ್ಲ.